ಬಸುರಿ ವಂಡರ್‌ಲಾಗೆ ಹೋಗಬಹುದಾ? ಹೋಗುವುದಾದರೆ ಹೀಗೆ ಹೋಗಿ

ಮಕ್ಕಳಿಗೆ ದಸರಾ ರಜೆ ಸಿಕ್ಕಿತೆಂದರೆ ಬೆಂಗಳೂರು, ಮೈಸೂರು ಕಡೆಯ ಮನೆಗಳಲ್ಲಿ ಬಿಡದಿಯ ವಂಡರ್‌ಲಾ ಮಾತು ಬಂದೇ ಬರುತ್ತದೆ. ಇಲ್ಲವೇ ಮೈಸೂರಿನ ಜಿಆರ್‌ಎಸ್ ಫ್ಯಾಂಟಸಿ ಪಾರ್ಕ್. ಅದೂ ಇಲ್ಲದಿದ್ದರೆ ದಸರಾ ವಸ್ತುಪ್ರದರ್ಶನದ ತೊಟ್ಟಿಲು, ಹಡಗಿನಂತೆ ತೂಗುವ ಕೊಲಂಬಸ್. ಆ ಹೊತ್ತಿಗೆ ಮನೆಯಲ್ಲಿ ಒಬ್ಬರು ಬಸುರಿ ಇದ್ದರೆ? ಅತ್ತೆ ‘ಅಲ್ಲೆಲ್ಲಾ ಯಾಕಮ್ಮಾ’ ಅನ್ನುತ್ತಾರೆ. ಗಂಡ ‘ಸುಮ್ನೆ ಕೂತ್ಕೊಂಡು ನೋಡು, ಬಾ’ ಅನ್ನುತ್ತಾನೆ. ಇಬ್ಬರದೂ ಅರ್ಧರ್ಧ ಸರಿ. ಪಾರ್ಕಿಗೆ ಹೋಗಬಹುದು. ರೈಡ್ ಹತ್ತುವ ಮಾತು ಬೇರೆ.

ಮೊದಲು ಡಾಕ್ಟರನ್ನು ಕೇಳಿ

ಟಿಕೆಟ್ ಬುಕ್ ಮಾಡುವ ಮುಂಚೆ ಒಂದು ಮಾತು ಕೇಳಿ. ‘ಟೂರ್ ಹೋಗಬಹುದಾ’ ಅಂತ ಸುಮ್ಮನೆ ಕೇಳಬೇಡಿ. ‘ಐದಾರು ಗಂಟೆ ಓಡಾಡಬೇಕಾಗುತ್ತದೆ, ಬಿಸಿಲಿರುತ್ತದೆ, ಪರವಾಗಿಲ್ವಾ’ ಅಂತ ಬಿಡಿಸಿ ಕೇಳಿ. ಸ್ಕ್ಯಾನಿಂಗ್‌ನಲ್ಲಿ ಮಾಸು (ಪ್ಲಾಸೆಂಟಾ) ಕೆಳಗಿದೆ ಅಂದಿದ್ದರೆ, ನಡುವೆ ರಕ್ತ ಕಂಡಿದ್ದರೆ, ಗರ್ಭಕೋಶದ ಬಾಯಿಗೆ ಹೊಲಿಗೆ ಹಾಕಿದ್ದರೆ, ಹಿಂದಿನ ಸಲ ದಿನ ತುಂಬುವ ಮುಂಚೆ ಹೆರಿಗೆ ಆಗಿದ್ದರೆ, ಬಿಪಿ ಜಾಸ್ತಿ ಇದ್ದರೆ ಈ ಪ್ಲಾನ್ ಕೈಬಿಡುವುದೇ ವಾಸಿ. ಅವಳಿ ಮಕ್ಕಳಿದ್ದರೂ ಡಾಕ್ಟರ್ ಬಹುಶಃ ಬೇಡ ಅನ್ನುತ್ತಾರೆ.

ಎಲ್ಲ ಸರಿ ಇದ್ದವರಿಗೆ ನಾಲ್ಕರಿಂದ ಆರು ತಿಂಗಳ ನಡುವಿನ ಸಮಯ ಒಳ್ಳೆಯದು. ಅಷ್ಟೊತ್ತಿಗೆ ವಾಂತಿ ಕಡಿಮೆಯಾಗಿರುತ್ತದೆ, ಹೊಟ್ಟೆ ಇನ್ನೂ ಭಾರವಾಗಿರುವುದಿಲ್ಲ. ಸೀಮಂತ ಮುಗಿದ ಮೇಲೆ ಕಾಲು ಊದುತ್ತದೆ, ಹತ್ತು ಹೆಜ್ಜೆಗೊಮ್ಮೆ ಟಾಯ್ಲೆಟ್ ಹುಡುಕಬೇಕು. ಆಗ ದುಡ್ಡು ಕೊಟ್ಟು ಒದ್ದಾಡುವುದು ಯಾಕೆ ಅಂತ ನನಗನ್ನಿಸುತ್ತದೆ.

ದಿನ, ದಾರಿ, ಚೀಲ

ಶನಿವಾರ, ಭಾನುವಾರ, ಹಬ್ಬದ ರಜೆ ಬೇಡ. ವಾರದ ನಡುವಿನ ದಿನ ಹೋಗಿ. ಡಿಸೆಂಬರ್, ಜನವರಿಯಲ್ಲಿ ಹವೆ ತಂಪಿರುತ್ತದೆ, ಆದರೆ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟಿ ಬರುತ್ತವೆ. ಮಕ್ಕಳು ಗುಂಪುಗುಂಪಾಗಿ ಓಡುವಾಗ ಹೊಟ್ಟೆ ಅವರ ಕಣ್ಣಿಗೆ ಬೀಳುವುದಿಲ್ಲ. ಏಪ್ರಿಲ್, ಮೇ ಬಿಸಿಲಂತೂ ಬೇಡವೇ ಬೇಡ. ಮೊದಲ ಮೂರು ತಿಂಗಳಲ್ಲಿ ತಾಯಿಯ ಮೈಯ ಬಿಸಿ 39 ಡಿಗ್ರಿ ಸೆಲ್ಸಿಯಸ್ ದಾಟಿ ಹಾಗೇ ಉಳಿದರೆ ಮಗುವಿನ ಮಿದುಳು, ಬೆನ್ನುಹುರಿ ಬೆಳೆಯುವುದಕ್ಕೆ ತೊಂದರೆ ಆಗಬಹುದು. ಬರೀ ಬಿಸಿಲಿಗೆ ಮೈ ಅಷ್ಟು ಕಾಯುವುದು ಕಡಿಮೆ. ಆದರೂ ನೀರು ಕುಡಿಯದೆ ಮಧ್ಯಾಹ್ನ ಪೂರ್ತಿ ಸುತ್ತಿದರೆ ತಲೆ ಸುತ್ತಿ ಬೀಳುವುದು ಖಂಡಿತ ಆಗುವಂಥದ್ದೇ.

ಬೈಕಿನಲ್ಲಿ ಹೋಗುವ ಯೋಚನೆ ಇದ್ದರೆ ಬಿಡಿ. ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ 2023ರ ಆಗಸ್ಟ್‌ನಿಂದ ಬೈಕು, ಆಟೋ ಬಿಡುವುದಿಲ್ಲ. ಸರ್ವಿಸ್ ರಸ್ತೆಯಲ್ಲೇ ಹೋಗಬೇಕು, ಅಲ್ಲಿ ಹಂಪು, ಗುಂಡಿ ತಪ್ಪಿದ್ದಲ್ಲ. ಮೆಟ್ರೊದಲ್ಲಿ ಚಲ್ಲಘಟ್ಟದ ತನಕ ಹೋಗಿ ಅಲ್ಲಿಂದ ಕಾರು ಮಾಡಿಕೊಳ್ಳಬಹುದು. ಕಾರಿನಲ್ಲಿ ಬೆಲ್ಟ್ ಹಾಕಲೇಬೇಕು. ಹೊಟ್ಟೆ ಒತ್ತುತ್ತದೆ ಅಂತ ತುಂಬಾ ಜನ ಬಿಟ್ಟುಬಿಡುತ್ತಾರೆ, ಅದು ತಪ್ಪು. ಕೆಳಗಿನ ಪಟ್ಟಿ ಹೊಟ್ಟೆಯ ಮೇಲೆ ಬರಬಾರದು, ಹೊಟ್ಟೆಯ ಕೆಳಗೆ ಸೊಂಟದ ಮೂಳೆಗೆ ತಾಗಿ ಕೂರಬೇಕು. ಹೆಗಲಿನ ಪಟ್ಟಿ ಎದೆಯ ನಡುವಿನಿಂದ ಇಳಿದು ಹೊಟ್ಟೆಯ ಪಕ್ಕಕ್ಕೆ ಹೋಗಬೇಕು.

ಚೀಲದಲ್ಲಿ ತಾಯಿ ಕಾರ್ಡ್, ಕೊನೆಯ ಸ್ಕ್ಯಾನಿಂಗ್ ರಿಪೋರ್ಟ್, ದಿನದ ಮಾತ್ರೆ, ನೀರಿನ ಬಾಟಲಿ, ಟೋಪಿ, ಒಂದು ಜೊತೆ ಒಣ ಬಟ್ಟೆ ಇರಲಿ. ರಿಪೋರ್ಟಿನ ಫೋಟೊ ಗಂಡನ ಫೋನಿನಲ್ಲೂ ಇರಲಿ. ದೊಡ್ಡ ಪಾರ್ಕುಗಳಲ್ಲಿ ಸಾಮಾನ್ಯವಾಗಿ ಹೊರಗಿನ ತಿಂಡಿ ಬಿಡುವುದಿಲ್ಲ. ಬಸುರಿನ ಶುಗರ್ ಇದ್ದರೆ, ಎರಡು ಗಂಟೆಗೊಮ್ಮೆ ಏನಾದರೂ ತಿನ್ನಲೇಬೇಕಿದ್ದರೆ, ಹಿಂದಿನ ದಿನವೇ ಫೋನ್ ಮಾಡಿ ಹೇಳಿ. ಗೇಟಿನಲ್ಲಿ ನಿಂತು ಜಗಳ ಆಡುವುದಕ್ಕಿಂತ ಅದು ಸುಲಭ. ಒಂದೂ ರೈಡ್ ಹತ್ತದವರಿಗೆ ಟಿಕೆಟ್ಟಿನಲ್ಲಿ ಏನಾದರೂ ಬಿಡುತ್ತಾರಾ ಅಂತಲೂ ಅದೇ ಫೋನಿನಲ್ಲಿ ಕೇಳಿಬಿಡಿ.

ಯಾವ ರೈಡ್ ಬೇಡ, ಯಾಕೆ ಬೇಡ

ಎತ್ತರದ್ದು ಅಪಾಯ, ನೆಲದ ಮೇಲಿನದು ಪರವಾಗಿಲ್ಲ ಅಂತ ನಾವು ಅಂದುಕೊಳ್ಳುತ್ತೇವೆ. ಲೆಕ್ಕ ಹಾಗಿಲ್ಲ. ರೈಡ್ ಎಷ್ಟು ಮೇಲೆ ಹೋಗುತ್ತದೆ ಅನ್ನುವುದಕ್ಕಿಂತ ಹೇಗೆ ನಿಲ್ಲುತ್ತದೆ, ಹೇಗೆ ಕುಲುಕುತ್ತದೆ ಅನ್ನುವುದು ಮುಖ್ಯ.

ಗರ್ಭಕೋಶ ಹಿಗ್ಗಿ ಕುಗ್ಗುವ ಸ್ನಾಯು. ಅದರ ಒಳಗೋಡೆಗೆ ಅಂಟಿಕೊಂಡಿರುವ ಮಾಸಿಗೆ ಅಷ್ಟು ಹಿಗ್ಗುವ ಗುಣ ಇಲ್ಲ. ಜೋರಾಗಿ ಹೋಗುತ್ತಿದ್ದ ಮೈ ಗಕ್ಕನೆ ನಿಂತರೆ ಗರ್ಭಕೋಶ ಒಂದು ಕ್ಷಣ ಆಕಾರ ಬದಲಿಸುತ್ತದೆ. ಮಾಸು ಅದರ ಜೊತೆ ಬಗ್ಗುವುದಿಲ್ಲ, ಗೋಡೆಯಿಂದ ಬಿಟ್ಟುಕೊಳ್ಳಬಹುದು. ಮಗುವಿಗೆ ಉಸಿರು, ಊಟ ಎರಡೂ ಹೋಗುವುದು ಅದರಿಂದಲೇ. ಕಾರು ಅಪಘಾತಗಳಲ್ಲಿ, ಹೊಟ್ಟೆಗೆ ನೇರವಾಗಿ ಏನೂ ತಾಗದಿದ್ದರೂ ಹೀಗಾಗುವುದುಂಟು. ಬಸುರಿಯರನ್ನು ರೋಲರ್ ಕೋಸ್ಟರಿನಲ್ಲಿ ಕೂರಿಸಿ ಪರೀಕ್ಷೆ ಮಾಡಿ ನೋಡಲು ಆಗುವುದಿಲ್ಲವಲ್ಲ, ಹಾಗಾಗಿ ‘ಇಷ್ಟು ಸ್ಪೀಡ್ ತನಕ ಪರವಾಗಿಲ್ಲ’ ಅನ್ನುವ ಅಳತೆಯೂ ಇಲ್ಲ. ಅದಕ್ಕೇ ಪಾರ್ಕಿನವರು ‘ಬಸುರಿಯರು ಹತ್ತಬಾರದು’ ಅಂತ ಬೋರ್ಡ್ ಹಾಕಿ ಕೈ ತೊಳೆದುಕೊಳ್ಳುತ್ತಾರೆ. ನೀವು ಆ ಬೋರ್ಡಿಗಿಂತ ಒಂದು ಕೈ ಜಾಸ್ತಿಯೇ ಹುಷಾರಾಗಿರಿ.

ಈ ಲೆಕ್ಕದಲ್ಲಿ ನೋಡಿದರೆ ಡ್ಯಾಶಿಂಗ್ ಕಾರ್ ದೊಡ್ಡ ಮೋಸಗಾರ. ಚಿಕ್ಕ ಮಕ್ಕಳೂ ಕೂರುತ್ತಾರೆ, ನೆಲ ಬಿಟ್ಟು ಏಳುವುದಿಲ್ಲ. ಆದರೆ ಹಿಂದಿನಿಂದ ಯಾರು ಯಾವಾಗ ಗುದ್ದುತ್ತಾರೆ ಗೊತ್ತಾಗುವುದಿಲ್ಲ, ಎದುರಿಗೆ ಸ್ಟೇರಿಂಗ್ ಇರುತ್ತದೆ. ಕೊಲಂಬಸ್, ಬ್ರೇಕ್ ಡ್ಯಾನ್ಸ್, ಮೇಲಿಂದ ಬೀಳಿಸುವ ಟವರ್, ನೀರಿನ ಜಾರುಬಂಡಿ ಎಲ್ಲಾ ಇದೇ ಪಟ್ಟಿಗೆ. ತೊಡೆಯ ಮೇಲೆ ಬಂದು ಬಿಗಿಯುವ ಕಂಬಿ ಇರುವ ಯಾವ ರೈಡೂ ಬೇಡ. ಆ ಕಂಬಿ ಹೊಟ್ಟೆಯನ್ನೇ ಒತ್ತುತ್ತದೆ, ಸಡಿಲ ಬಿಟ್ಟರೆ ನೀವು ಜಾರುತ್ತೀರಿ.

ಹಾಗಾದರೆ ಏನು ಉಳಿಯಿತು? ನಿಧಾನಕ್ಕೆ ಹೋಗುವ ಪುಟಾಣಿ ರೈಲು. ಮೆರ್ರಿ-ಗೋ-ರೌಂಡಿನಲ್ಲಿ ಕುದುರೆ ಬಿಟ್ಟು ಬೆಂಚಿನ ಸೀಟು. ನಿಧಾನದ ಜೈಂಟ್ ವೀಲ್, ಬೋರ್ಡಿನಲ್ಲಿ ಬಸುರಿಯರಿಗೆ ಬೇಡ ಅಂತ ಇಲ್ಲದಿದ್ದರೆ, ಡಾಕ್ಟರೂ ಒಪ್ಪಿದ್ದರೆ ಮಾತ್ರ. ಜಾತ್ರೆಯ ತೊಟ್ಟಿಲು ಈ ಜಾತಿಯದ್ದಲ್ಲ, ಅದು ರಭಸದಿಂದ ಸುತ್ತುತ್ತದೆ. ಸಂಗೀತ ಕಾರಂಜಿ, ಮ್ಯಾಜಿಕ್ ಶೋ, ಸಿನಿಮಾ ಹಾಲ್ ಆರಾಮ. ಕುರ್ಚಿ ಅಲ್ಲಾಡುವ ಸಿನಿಮಾ ಆದರೆ ಒಳಗೆ ಹೋಗಬೇಡಿ.

ನೀರಿಗಿಳಿಯಬಹುದಾ?

ಕ್ಲೋರಿನ್ ಹಾಕಿದ ಚೊಕ್ಕ ನೀರಿನಿಂದ ಭಯವಿಲ್ಲ. ಭಯ ಇರುವುದು ಜಾರುವ ನೆಲದ್ದು, ಮೈಮೇಲೆ ಬಂದು ಬೀಳುವ ಜನದ್ದು. ಅಲೆ ಎಬ್ಬಿಸುವ ಕೊಳದಲ್ಲಿ ಸೈರನ್ ಆದ ಕೂಡಲೇ ಎಲ್ಲರೂ ಒಟ್ಟಿಗೆ ಕುಣಿಯುತ್ತಾರೆ, ಯಾರ ಮೊಣಕೈ ಎಲ್ಲಿಗೆ ತಾಗುತ್ತದೆ ಅಂತ ಹೇಳಲಾಗದು. ರೇನ್ ಡಾನ್ಸ್‌ನದೂ ಅದೇ ಕಥೆ, ಮೇಲೆ ಕತ್ತಲೆ ಬೇರೆ. ಮೊಣಕಾಲುದ್ದ ನೀರಿನಲ್ಲಿ, ಕಂಬಿ ಹಿಡಿದು, ಮೆಟ್ಟಿಲ ಮೇಲೆ ಕೂತು ಕಾಲು ಇಳಿಬಿಡಿ. ಊದಿದ ಕಾಲಿಗೆ ಅದರಷ್ಟು ಸುಖ ಇನ್ನೊಂದಿಲ್ಲ. ಮೇಲೆ ಬಂದ ತಕ್ಷಣ ಒದ್ದೆ ಬಟ್ಟೆ ಬದಲಿಸಿ, ಇಲ್ಲದಿದ್ದರೆ ತುರಿಕೆ, ಸೋಂಕು ಶುರುವಾಗಬಹುದು.

ಬ್ಯಾಗ್ ಕಾಯುವ ಕೆಲಸ ನಿಮ್ಮದಲ್ಲ

ಮನೆಯವರಿಗೆ ಈ ಮಾತು ಹೇಳಲೇಬೇಕು. ರೈಡ್ ಹತ್ತದವರು ಸಿಕ್ಕರೆ ಸಾಕು, ಹತ್ತು ಜನರ ಚಪ್ಪಲಿ, ಫೋನು, ಕನ್ನಡಕ, ಪರ್ಸು ಎಲ್ಲಾ ಅವರ ಮಡಿಲಿಗೆ ಬೀಳುತ್ತದೆ. ಬಸುರಿ ಬೆಂಚಿಗೆ ಕಟ್ಟಿಬಿದ್ದ ಹಾಗೆ ಆಗುತ್ತಾಳೆ. ಬಾಯಾರಿದರೂ ಏಳಲಾರಳು, ಟಾಯ್ಲೆಟ್ಟಿಗೂ ಹೋಗಲಾರಳು. ಮೂತ್ರ ಕಟ್ಟಿಕೊಂಡರೆ ಬಸುರಿಯರಿಗೆ ಉರಿಮೂತ್ರ ಬೇಗ ಅಂಟಿಕೊಳ್ಳುತ್ತದೆ. ಒಂದು ಲಾಕರ್ ತಗೊಳ್ಳಿ, ಆ ದುಡ್ಡಿಗೆ ಲೆಕ್ಕ ನೋಡಬೇಡಿ. ಒಬ್ಬರಾದರೂ ಸರದಿಯ ಮೇಲೆ ಆಕೆಯ ಜೊತೆಗೆ ಇರಿ. ಮೊದಲ ಮಗು ಚಿಕ್ಕದಿದ್ದರೆ ಅದರ ಹಿಂದೆ ಓಡುವುದಕ್ಕೂ ಬೇರೆಯವರೇ ಬೇಕು.

ಅರ್ಧ ಗಂಟೆ ಓಡಾಟ, ಆಮೇಲೆ ನೆರಳಲ್ಲಿ ಕಾಲು ಮೇಲಿಟ್ಟು ಕೂರುವುದು. ಎಳನೀರು, ಮಜ್ಜಿಗೆ ಸಿಕ್ಕರೆ ಕುಡಿಯಿರಿ, ನೀರಂತೂ ಬಾಯಾರಿಕೆಗೆ ಕಾಯದೆ ಕುಡಿಯುತ್ತಿರಿ. ಹೆಚ್ಚಿಟ್ಟ ಹಣ್ಣು, ಪಾನಿಪುರಿ ಬಿಡಿ. ಬಿಸಿ ಇಡ್ಲಿ, ಅನ್ನ ಸಾಂಬಾರ್ ಸಾಕು. ಕ್ಯೂನಲ್ಲಿ ಅಲ್ಲಾಡದೆ ನಿಂತರೆ ರಕ್ತ ಕಾಲಿಗಿಳಿದು ಕಣ್ಣು ಕತ್ತಲೆ ಬರುತ್ತದೆ. ‘ನಾನು ಬಸುರಿ’ ಅಂತ ಹೇಳಿ ಮುಂದೆ ಹೋಗಿ, ನಾಚಿಕೆ ಏನಿಲ್ಲ.

ಬಸುರಿ ಅಂತ ಇನ್ನೂ ಯಾರಿಗೂ ಹೇಳಿಲ್ಲ, ಆಫೀಸಿನವರ ಜೊತೆ ಬಂದಿದ್ದೀರಿ ಅಂತಿಟ್ಟುಕೊಳ್ಳಿ. ಬೋರ್ಡಿನಲ್ಲಿ ಬಸುರಿಯ ಜೊತೆಗೆ ಬೆನ್ನುನೋವು, ಬಿಪಿ ಕೂಡ ಬರೆದಿರುತ್ತಾರೆ. ‘ಬೆನ್ನು ಹಿಡಿದುಕೊಂಡಿದೆ’ ಅಂದರೆ ಮುಗಿಯಿತು, ಮೇಲೆ ಪ್ರಶ್ನೆ ಬರುವುದಿಲ್ಲ.

ಯಾವಾಗ ಆಸ್ಪತ್ರೆಗೆ

ರಕ್ತ ಅಥವಾ ನೀರು ಹೋದರೆ, ಹೊಟ್ಟೆ ಕಲ್ಲಿನಂತೆ ಗಟ್ಟಿಯಾಗಿ ನೋಯುತ್ತಿದ್ದರೆ, ತಲೆನೋವಿನ ಜೊತೆ ಕಣ್ಣು ಮಂಜಾದರೆ ಮನೆಗೆ ಹೋಗಿ ನೋಡೋಣ ಅನ್ನಬೇಡಿ. ಪಾರ್ಕಿನ ಪ್ರಥಮ ಚಿಕಿತ್ಸೆ ಕೋಣೆಗೆ ಹೇಳಿ, 108ಕ್ಕೆ ಕರೆ ಮಾಡಿ. ಬಿಡದಿಯಿಂದ ಒಂದು ಕಡೆ ರಾಮನಗರ, ಇನ್ನೊಂದು ಕಡೆ ಕೆಂಗೇರಿ. ಹೆರಿಗೆ ವಿಭಾಗ ಇರುವ ಆಸ್ಪತ್ರೆ ಯಾವುದು ಅಂತ ಹೊರಡುವ ಮುಂಚೆಯೇ ನೋಡಿಟ್ಟುಕೊಳ್ಳಿ.

ಐದು ತಿಂಗಳು ದಾಟಿದವರು ಜಾರಿ ಬಿದ್ದರೆ, ಹೊಟ್ಟೆಗೆ ಪೆಟ್ಟಾದರೆ, ನೋವಿಲ್ಲದಿದ್ದರೂ ಹೋಗಬೇಕು. ಮಾಸು ಬಿಟ್ಟರೆ ರಕ್ತ ಒಳಗೇ ನಿಲ್ಲಬಹುದು, ಹೊರಗೆ ಒಂದು ಹನಿಯೂ ಕಾಣದಿರಬಹುದು. ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ಕನಿಷ್ಠ ನಾಲ್ಕು ಗಂಟೆ ಮಗುವಿನ ಎದೆಬಡಿತ ನೋಡುತ್ತಾರೆ. ನಿಮ್ಮದು ನೆಗೆಟಿವ್ ರಕ್ತದ ಗುಂಪಾದರೆ ಅದನ್ನು ಮೊದಲೇ ಹೇಳಿ. ಮಗುವಿನ ರಕ್ತ ತಾಯಿಯ ರಕ್ತಕ್ಕೆ ಬೆರೆತು ಮುಂದೆ ತೊಂದರೆ ಆಗದ ಹಾಗೆ ಕೊಡುವ ಆಂಟಿ-ಡಿ ಇಂಜೆಕ್ಷನ್ ಬೇಕಾದರೆ 72 ಗಂಟೆಯೊಳಗೆ ಕೊಡಬೇಕು.

ಓಡಾಡುವಾಗ ಮಗು ಮಲಗಿರುತ್ತದೆ, ಅಲುಗಾಟ ಗೊತ್ತಾಗದೆಯೂ ಹೋಗಬಹುದು. ಏಳು ತಿಂಗಳಾದವರು ರಾತ್ರಿ ಎಡಕ್ಕೆ ಮಲಗಿ ಎಣಿಸಿ. ಎರಡು ಗಂಟೆಯಲ್ಲಿ ಹತ್ತು ಸಲ ಅಲುಗದಿದ್ದರೆ ಡಾಕ್ಟರಿಗೆ ಫೋನ್ ಮಾಡಿ.

ಬಸುರಿ ಅಂತ ಗೊತ್ತಾಗುವ ಮುಂಚೆಯೇ ರೋಲರ್ ಕೋಸ್ಟರ್ ಹತ್ತಿ ಬಂದವರೂ ಇರುತ್ತಾರೆ. ಮೊದಲ ಮೂರು ತಿಂಗಳು ಗರ್ಭಕೋಶ ಸೊಂಟದ ಮೂಳೆಯ ಒಳಗೇ ಇರುತ್ತದೆ, ಆ ಮೂಳೆಯೇ ಅದಕ್ಕೆ ಕಾವಲು. ರಕ್ತ, ನೋವು ಇಲ್ಲದಿದ್ದರೆ ಸಾಮಾನ್ಯವಾಗಿ ಏನೂ ಆಗಿರುವುದಿಲ್ಲ. ಮುಂದಿನ ಚೆಕಪ್‌ನಲ್ಲಿ ಡಾಕ್ಟರಿಗೆ ತಿಳಿಸಿ, ರಾತ್ರಿಯೆಲ್ಲಾ ಕೊರಗಬೇಡಿ.

ಇನ್ನು ಹೆರಿಗೆ ಆದ ಮೇಲೆ ರೈಡ್ ಯಾವಾಗ ಅಂತ ಕೇಳುವವರಿಗೆ: ಆರು ವಾರದ ಚೆಕಪ್ ಮುಗಿಯುವ ತನಕ ಆ ಮಾತೇ ಬೇಡ. ಸಿಸೇರಿಯನ್ ಆದವರು ಇನ್ನೂ ಜಾಸ್ತಿ ಕಾಯಬೇಕು, ಎಷ್ಟು ಅಂತ ಹೊಲಿಗೆ ನೋಡಿದ ಡಾಕ್ಟರೇ ಹೇಳಲಿ.