ಮಗುವಿಗೆ ಕೆಮ್ಮು, ಕೈಯಲ್ಲಿ ಫೋನ್: ಆಶಾ ಅಕ್ಕಂದಿರು ಹಂತ ಹಂತವಾಗಿ ಪರೀಕ್ಷಿಸುವುದು ಹೇಗೆ?

ಮಗುವಿಗೆ ಬರೀ ನೆಗಡಿ ಕೆಮ್ಮೋ, ನ್ಯುಮೋನಿಯಾನೋ? ಇದನ್ನು ಪತ್ತೆ ಮಾಡಲು ಸ್ಟೆತಸ್ಕೋಪ್ ಬೇಕಿಲ್ಲ, ಎಕ್ಸ್‌ರೇ ಬೇಕಿಲ್ಲ. ಉಸಿರು ಎಣಿಸಲು ಬಂದರೆ ಮನೆ ಬಾಗಿಲಲ್ಲೇ ಬಹುಮಟ್ಟಿಗೆ ಗೊತ್ತಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 1990ರ ದಶಕದಲ್ಲಿ ರೂಪಿಸಿದ ಐಎಂಸಿಐ (ಮಕ್ಕಳ ಕಾಯಿಲೆಗಳ ಸಮಗ್ರ ನಿರ್ವಹಣೆ) ವಿಧಾನದ ತಿರುಳೇ ಇದು. ನಮ್ಮ ದೇಶದಲ್ಲಿ ನವಜಾತ ಶಿಶುಗಳನ್ನೂ ಸೇರಿಸಿ ಅದನ್ನು ಐಎಂಎನ್‌ಸಿಐ ಎಂದು ಕರೆದರು.

ವಿಧಾನ ಒಳ್ಳೆಯದೇ. ಆದರೆ ಏನೇನು ಕೇಳಬೇಕು, ನೋಡಬೇಕು ಎಂದು ಹೇಳುವ ಅದರ ಚಾರ್ಟು ಉದ್ದ. ಒಂದು ಕಡೆ ಅಳುವ ಮಗು, ಇನ್ನೊಂದು ಕಡೆ ಗಾಬರಿಯಾದ ತಾಯಿ, ಸುತ್ತ ನಾಲ್ಕು ಜನರ ಸಲಹೆ. ಈ ಗಡಿಬಿಡಿಯಲ್ಲಿ ಎರಡು ಪ್ರಶ್ನೆ ಬಿಟ್ಟೇ ಹೋಗುತ್ತವೆ. ಫೋನ್ ಉಪಯೋಗಕ್ಕೆ ಬರುವುದು ಇಲ್ಲೇ. 2008ರ ಹೊತ್ತಿಗೇ ತಾಂಜಾನಿಯಾದಲ್ಲಿ ಈ ಚಾರ್ಟನ್ನು ಅಂಗೈಯಗಲದ ಯಂತ್ರಕ್ಕೆ ಹಾಕಿ ನೋಡಿದ್ದರು. ಕಾಗದದಲ್ಲಿ ಬಿಟ್ಟುಹೋಗುತ್ತಿದ್ದ ಪರೀಕ್ಷೆಗಳನ್ನು ಸಿಬ್ಬಂದಿ ಆಗ ಹೆಚ್ಚು ಸರಿಯಾಗಿ ಮಾಡಿದರು. ಗುಜರಾತಿನ ಜಗಡಿಯಾದಲ್ಲಿ ಸೇವಾ ರೂರಲ್ ಸಂಸ್ಥೆ ‘ಇಮ್‌ಟೆಕೋ’ ಎಂಬ ಆ್ಯಪ್ ಅನ್ನು ಆಶಾಗಳ ಕೈಗೆ ಕೊಟ್ಟಿತು. ಇವತ್ತು ಯಾವ ಮನೆಗೆ ಹೋಗಬೇಕು, ಅಲ್ಲಿ ಏನು ನೋಡಬೇಕು ಎಂಬುದನ್ನು ಅದು ತೋರಿಸುತ್ತದೆ.

ಆ್ಯಪ್‌ನ ಹೆಸರು, ಬಣ್ಣ ಊರಿಂದ ಊರಿಗೆ ಬೇರೆ ಇರಬಹುದು. ಒಳಗಿನ ಲೆಕ್ಕ ಒಂದೇ. ಹಾಗಾಗಿ ಆ ಲೆಕ್ಕ ನಿಮ್ಮ ತಲೆಯಲ್ಲೂ ಇರಬೇಕು.

ಮೊದಲು ವಯಸ್ಸು

ಆ್ಯಪ್ ತೆರೆದ ಕೂಡಲೇ ಹುಟ್ಟಿದ ದಿನಾಂಕ ಕೇಳುತ್ತದೆ. ‘ಒಂದು ವರ್ಷ ಆಗಿರ್ಬೇಕು’ ಅಂತ ಅಜ್ಜಿ ಹೇಳಿದ್ದನ್ನು ಸುಮ್ನೆ ಹಾಕಬೇಡಿ. ತಾಯಿ ಕಾರ್ಡ್ ತರಿಸಿ, ಅದರಲ್ಲಿದ್ದ ತಾರೀಖು ನೋಡಿ ಹಾಕಿ. ಯಾಕೆ ಇಷ್ಟು ಹೇಳುತ್ತೇನೆ ಅಂದರೆ, ಉಸಿರಿನ ವೇಗದ ಮಿತಿ ವಯಸ್ಸಿನ ಮೇಲೆ ನಿಂತಿದೆ. ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60 ಅಥವಾ ಜಾಸ್ತಿ ಇದ್ದರೆ ವೇಗದ ಉಸಿರು. 2 ತಿಂಗಳಿಂದ 12 ತಿಂಗಳೊಳಗೆ 50. ಒಂದು ವರ್ಷದಿಂದ ಐದು ವರ್ಷದೊಳಗೆ 40. ಈಗ ಒಂದು ಮಗುವಿನ ಎಣಿಕೆ 44 ಬಂತು ಅಂತಿಟ್ಟುಕೊಳ್ಳಿ. ಹತ್ತು ತಿಂಗಳ ಮಗುವಾದರೆ ಅದು ವೇಗದ ಉಸಿರಲ್ಲ. ಹದಿನಾಲ್ಕು ತಿಂಗಳ ಮಗುವಾದರೆ ನ್ಯುಮೋನಿಯಾ ಎಂದೇ ಹಿಡಿಯಬೇಕು. ವಯಸ್ಸು ತಪ್ಪಾದರೆ ಉತ್ತರವೂ ತಪ್ಪು. ಅದನ್ನು ತಿದ್ದುವ ಶಕ್ತಿ ಯಾವ ಫೋನಿಗೂ ಇಲ್ಲ.

ಅಪಾಯದ ಲಕ್ಷಣ ಕೇಳಿ, ನೋಡಿ

ನಾಲ್ಕು ವಿಷಯ. ಮಗು ಹಾಲು ಅಥವಾ ನೀರು ಕುಡಿಯುತ್ತಿಲ್ಲವೇ? ಕುಡಿದದ್ದೆಲ್ಲ ವಾಂತಿ ಆಗುತ್ತಿದೆಯೇ? ಫಿಟ್ಸ್ ಬಂದಿತ್ತೇ? ಎಬ್ಬಿಸಿದರೂ ಏಳದಷ್ಟು ಮಂಕಾಗಿದೆಯೇ? ಇದರಲ್ಲಿ ಒಂದಕ್ಕೆ ‘ಹೌದು’ ಎಂದರೂ ಆ್ಯಪ್ ಕೆಂಪು ಬಣ್ಣ ತೋರಿಸುತ್ತದೆ. ಆಮೇಲೆ ಕೂತು ಉಳಿದ ಪ್ರಶ್ನೆ ತುಂಬುತ್ತಾ ಹೊತ್ತು ಕಳೆಯಬೇಡಿ. 108ಕ್ಕೆ ಕರೆ ಮಾಡಿ.

ಕುಡಿಯುತ್ತಿದೆ ಅಂತ ತಾಯಿ ಹೇಳಿದರೂ ಒಮ್ಮೆ ಎದುರಿಗೇ ಹಾಲು ಕುಡಿಸಲು ಹೇಳಿ. ಮೊಲೆ ಹಿಡಿದು ಚೀಪುತ್ತದೆಯೋ, ಬಾಯಿಟ್ಟು ಬಿಟ್ಟುಬಿಡುತ್ತದೆಯೋ ಕಣ್ಣಿಗೇ ಕಾಣುತ್ತದೆ. ಎರಡು ತಿಂಗಳೊಳಗಿನ ಕೂಸಾದರೆ ಮೈಬಿಸಿಯನ್ನೂ ಅಳೆಯಬೇಕು. 37.5 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೂ ಅಪಾಯ, 35.5ಕ್ಕಿಂತ ಇಳಿದರೂ ಅಪಾಯ. ಮೈ ತಣ್ಣಗಿದೆ, ಜ್ವರ ಇಲ್ಲ ಅಂತ ಸಮಾಧಾನ ಪಡುವ ಮನೆಗಳು ಬಹಳ. ಅವರಿಗೆ ಇದನ್ನು ಬಿಡಿಸಿ ಹೇಳಲೇಬೇಕು.

ಉಸಿರು ಎಣಿಸುವುದು: ಇಡೀ ಒಂದು ನಿಮಿಷ

ಇಡೀ ಪರೀಕ್ಷೆಯಲ್ಲಿ ಕಷ್ಟದ್ದು ಇದೇ. ಅವಸರ ಆಗುವುದೂ ಇಲ್ಲೇ.

ಅಳುವಾಗ ಎಣಿಸಬೇಡಿ. ಹಾಲು ಕುಡಿಯುವಾಗಲೂ ಬೇಡ. ಮಗು ಶಾಂತವಾಗುವ ತನಕ ಕಾಯಿರಿ. ತಾಯಿಯ ತೊಡೆ ಮೇಲೆಯೇ ಇರಲಿ, ನೀವು ಎತ್ತಿಕೊಂಡರೆ ಮತ್ತೆ ಅಳು ಶುರು. ಅಂಗಿಯನ್ನು ತಾಯಿಯೇ ಮೆಲ್ಲಗೆ ಮೇಲೆತ್ತಲಿ. ಬಾಗಿಲ ಹತ್ತಿರ ಬೆಳಕಿಗೆ ಕೂರಿಸಿಕೊಳ್ಳಿ. ಹೊಟ್ಟೆ ಅಥವಾ ಎದೆ, ಎಲ್ಲಿ ಚೆನ್ನಾಗಿ ಕಾಣುತ್ತದೋ ಅಲ್ಲೇ ಕಣ್ಣಿಡಿ. ಒಮ್ಮೆ ಉಬ್ಬಿ ಇಳಿದರೆ ಒಂದು ಉಸಿರು.

ಕೆಲವು ಆ್ಯಪ್‌ಗಳಲ್ಲಿ ಗಡಿಯಾರ ಮಾತ್ರ ಓಡುತ್ತದೆ, ಎಣಿಕೆ ನಿಮ್ಮದೇ. ಇನ್ನು ಕೆಲವುಗಳಲ್ಲಿ ಪ್ರತಿ ಉಸಿರಿಗೂ ಪರದೆಯ ಮೇಲೆ ಬೆರಳು ಒತ್ತಬೇಕು. ಅಂಥದ್ದರಲ್ಲಿ ಫೋನನ್ನು ಮಗುವಿನ ಹೊಟ್ಟೆಯ ಹತ್ತಿರವೇ ಹಿಡಿಯಿರಿ, ಆಗ ಕಣ್ಣು ಆ ಕಡೆ ಈ ಕಡೆ ಓಡಾಡುವುದಿಲ್ಲ. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸುವ ಅಭ್ಯಾಸ ಬಿಡಿ. ಎಳೆಯ ಮಕ್ಕಳ ಉಸಿರು ಒಂದೇ ಸಮ ಇರುವುದಿಲ್ಲ. ಕೆಲವು ಸೆಕೆಂಡು ಜೋರು, ಕೆಲವು ಸೆಕೆಂಡು ನಿಧಾನ. ಎರಡು ತಿಂಗಳೊಳಗಿನ ಕೂಸಿಗೆ 60 ಅಥವಾ ಜಾಸ್ತಿ ಬಂದರೆ ಇನ್ನೊಮ್ಮೆ ಎಣಿಸಿಯೇ ತೀರ್ಮಾನಕ್ಕೆ ಬನ್ನಿ.

ಅಂಗಿ ಎತ್ತಿರುವಾಗಲೇ ಪಕ್ಕೆ ಸೆಳೆತ ನೋಡಿ. ಉಸಿರು ಒಳಗೆ ಎಳೆದಾಗ ಎದೆಯ ಕೆಳಭಾಗ ಹೊರಗೆ ಬರುವ ಬದಲು ಒಳಕ್ಕೆ ಹೋಗುತ್ತಿದ್ದರೆ ವೇಗ ಎಷ್ಟೇ ಇರಲಿ, ಆಸ್ಪತ್ರೆಗೆ ಕಳಿಸಿ.

ಭೇದಿ, ತೋಳಿನ ಅಳತೆ

ಮುಂದಿನ ಪರದೆಗಳು ಬೇಗ ಮುಗಿಯುತ್ತವೆ. ಭೇದಿ ಇದ್ದರೆ ಹೊಟ್ಟೆಯ ಚರ್ಮ ಚಿವುಟಿ ಬಿಡಿ. ಎರಡು ಸೆಕೆಂಡಿಗಿಂತ ಹೊತ್ತು ಮಡಿಕೆ ಹಾಗೇ ನಿಂತರೆ ಅದು ಮೈಯ ನೀರು ತೀರಾ ಬತ್ತಿರುವ ಗುರುತು, ಕೂಡಲೇ ಕಳಿಸಬೇಕು. ಅಪಾಯದ ಗುರುತು ಏನೂ ಇಲ್ಲದಿದ್ದರೆ ಓಆರ್‌ಎಸ್ ಮತ್ತು ಜಿಂಕ್. ಜಿಂಕ್ ಮಾತ್ರೆ ಆರು ತಿಂಗಳ ಮೇಲಿನ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ, ಎರಡರಿಂದ ಆರು ತಿಂಗಳಿಗೆ 10. ಭೇದಿ ನಿಂತರೂ 14 ದಿನ ಕೊಡಬೇಕು. ಆರು ತಿಂಗಳು ದಾಟಿದ ಮಗುವಿನ ತೋಳಿಗೆ ಬಣ್ಣದ ಪಟ್ಟಿ ಸುತ್ತಿ. 11.5 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಅದು ತೀವ್ರ ಅಪೌಷ್ಟಿಕತೆ. ಇಂಥ ಮಗುವಿಗೆ ಸಣ್ಣ ಕಾಯಿಲೆಯೂ ಸಣ್ಣದಲ್ಲ.

ಆ್ಯಪ್ ಹೇಳಿತು, ಮುಂದೆ?

ಹಸಿರು ಬಂದರೆ ಮನೆಯಲ್ಲೇ ಆರೈಕೆ, ಹಳದಿ ಬಂದರೆ ಔಷಧ ಮತ್ತು ಮರುಭೇಟಿ, ಕೆಂಪು ಬಂದರೆ ಆಸ್ಪತ್ರೆ. ಸಾಮಾನ್ಯವಾಗಿ ಬಣ್ಣಗಳ ಅರ್ಥ ಇಷ್ಟು. ಮಕ್ಕಳ ನ್ಯುಮೋನಿಯಾ ತಡೆಗೆ 2019ರಲ್ಲಿ ಶುರುವಾದ ಕೇಂದ್ರ ಸರ್ಕಾರದ ‘ಸಾನ್ಸ್’ ಅಭಿಯಾನದಲ್ಲಿ, ನ್ಯುಮೋನಿಯಾ ಇರುವ ಮಗುವನ್ನು ಆಸ್ಪತ್ರೆಗೆ ಕಳಿಸುವ ಮುನ್ನ ಅಮಾಕ್ಸಿಸಿಲಿನ್ ಎಂಬ ಆ್ಯಂಟಿಬಯೊಟಿಕ್‌ನ ಮೊದಲ ಡೋಸ್ ಕೊಡಲು ಆಶಾಗಳಿಗೆ ಅವಕಾಶವಿದೆ. ತರಬೇತಿ ಆಗಿದ್ದರೆ ಮಾತ್ರ ಕೊಡಿ, ಡೋಸ್ ಎಷ್ಟು ಎಂಬುದನ್ನು ತರಬೇತಿಯಲ್ಲಿ ಕೊಟ್ಟ ಚಾರ್ಟ್ ನೋಡಿಯೇ ಕೊಡಿ.

ಆ್ಯಪ್ ಹಸಿರು ತೋರಿಸಿದೆ, ಆದರೆ ಮಗುವನ್ನು ನೋಡಿದರೆ ನಿಮಗೆ ಯಾಕೋ ಸರಿ ಅನಿಸುತ್ತಿಲ್ಲ. ಆಗ ನಿಮ್ಮ ಮನಸ್ಸಿನ ಮಾತು ಕೇಳಿ, ಎಎನ್‌ಎಂಗೆ (ಆರೋಗ್ಯ ಉಪಕೇಂದ್ರದ ನರ್ಸ್) ಫೋನ್ ಮಾಡಿ. ನೀವು ಹಾಕಿದ್ದಷ್ಟೇ ಆ್ಯಪ್‌ಗೆ ಗೊತ್ತು. ಆ ಮಗು ಹೋದ ವಾರ ಹೇಗೆ ಆಡುತ್ತಿತ್ತು ಅಂತ ನಿಮಗೆ ಗೊತ್ತಲ್ವಾ?

ನೆಟ್‌ವರ್ಕ್ ಇಲ್ಲದ ಕಡೆ ಕೆಲಸ ನಿಲ್ಲಿಸಬೇಕಿಲ್ಲ. ಒಳ್ಳೆಯ ಆ್ಯಪ್‌ಗಳು ಮಾಹಿತಿಯನ್ನು ಫೋನಿನಲ್ಲೇ ಇಟ್ಟುಕೊಂಡು ಸಿಗ್ನಲ್ ಸಿಕ್ಕಾಗ ಕಳಿಸುತ್ತವೆ. ಫೋನಿಗೆ ಲಾಕ್ ಹಾಕಿಡಿ. ಅದರಲ್ಲಿ ಊರಿನ ಮಕ್ಕಳೆಲ್ಲರ ವಿವರ ಇರುತ್ತದೆ.

ಹೊರಡುವ ಮುಂಚೆ ಫೋನ್ ಬದಿಗಿಟ್ಟು ತಾಯಿಯ ಜೊತೆ ಎರಡು ನಿಮಿಷ ಮಾತಾಡಿ. ಮಗು ಕುಡಿಯುವುದು ಬಿಟ್ಟರೆ, ಉಸಿರು ಜೋರಾದರೆ, ಪಕ್ಕೆ ಸೆಳೆದರೆ, ಜ್ವರ ಏರಿದರೆ ಬೆಳಗಾಗಲಿ ಅಂತ ಕಾಯದೆ ಕರೆ ಮಾಡಲು ಹೇಳಿ. ಹೇಳಿದ್ದನ್ನು ಆಕೆಯ ಬಾಯಿಂದಲೇ ಒಮ್ಮೆ ಹೇಳಿಸಿ. ಹಾಗೇ ಮಗುವಿನ ಅಜ್ಜಿಗೂ ತಿಳಿಸಿ. ರಾತ್ರಿ ಆಸ್ಪತ್ರೆಗೆ ಹೋಗಬೇಕೋ ಬೇಡವೋ ಎಂಬ ತೀರ್ಮಾನ ಎಷ್ಟೋ ಮನೆಗಳಲ್ಲಿ ಅವರದ್ದೇ.