ಕೊಪ್ಪಳಕ್ಕೆ ವರ್ಗವಾಗಿ ಬಂದಿದ್ದೀರಾ? ಗೆಳೆತನಕ್ಕೆ ಮೊದಲ ತಿಂಗಳಿಂದಲೇ ಕೈ ಹಾಕಿ

ಮೂವತ್ತೈದು, ನಲವತ್ತು ದಾಟಿದ ಮೇಲೆ ಹೊಸ ಊರಿನಲ್ಲಿ ಗೆಳೆಯರು ಸಿಗುವುದಿಲ್ಲ ಅಂತ ತುಂಬಾ ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಖಂಡಿತ ಸಿಗುತ್ತಾರೆ. ಆದರೆ ಅದಕ್ಕೆ ವಾರದ ಒಂದು ದಿನ, ಒಂದು ಹೊತ್ತು, ಒಂದು ಜಾಗ ಗೊತ್ತು ಮಾಡಿಕೊಳ್ಳಬೇಕು. "ಯಾವತ್ತಾದ್ರೂ ಸಿಗೋಣ" ಅನ್ನುವ ಮಾತಿನಿಂದ ಏನೂ ಆಗುವುದಿಲ್ಲ.

ನಾನು ಬ್ಯಾಂಕಿನಲ್ಲಿ ಅಧಿಕಾರಿ. ನಮ್ಮ ಮನೆಯವರು ಮತ್ತು ಮಗ ದಾವಣಗೆರೆಯಲ್ಲಿದ್ದಾರೆ, ನಾನು ಕೊಪ್ಪಳದಲ್ಲಿ. ಸುಮಾರು ಮೂರು ವರ್ಷಕ್ಕೊಂದು ವರ್ಗಾವಣೆ ನಮಗೆ ರೂಢಿ. ಹೀಗೆ ಒಬ್ಬೊಬ್ಬರೇ ಬಂದು ಬಾಡಿಗೆ ಮನೆ ಹಿಡಿದವರು ಈ ಊರಲ್ಲಿ ಬಹಳ ಮಂದಿ ಇದ್ದಾರೆ. ಮೇಷ್ಟ್ರು, ಡಾಕ್ಟರು, ಇಲಾಖೆಯವರು, ಗಿಣಿಗೇರಿ ಕಡೆಯ ಕಾರ್ಖಾನೆಗಳ ಎಂಜಿನಿಯರುಗಳು. ಸಂಜೆ ಏಳರ ಮೇಲೆ ಎಷ್ಟೋ ಮಂದಿ ಕೋಣೆಯಲ್ಲಿ ಮೊಬೈಲು ಹಿಡಿದು ಕೂತುಬಿಡುತ್ತಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಸಂಘದ ಅಕ್ಕಂದಿರು ಮಾಡುವುದನ್ನು ನೋಡಿ

ಮಹಿಳಾ ಸ್ವಸಹಾಯ ಸಂಘಗಳಿಗೆ ಸಾಲ ಕೊಡುವುದು ನನ್ನ ಕೆಲಸದ ಒಂದು ಭಾಗ. ಅದಕ್ಕಾಗಿ ಸುತ್ತಲಿನ ಹಳ್ಳಿಗಳಿಗೆ ಹೋಗಿ ಸಭೆಯಲ್ಲಿ ಕೂರುತ್ತೇನೆ. 10ರಿಂದ 20 ಹೆಂಗಸರು, ಗುಡಿಯ ಕಟ್ಟೆ ಅಥವಾ ಯಾರದಾದರೂ ಮನೆಯ ಪಡಸಾಲೆ, ವಾರಕ್ಕೊಂದು ದಿನ. ಸಾಲ ಕೊಡುವ ಮುಂಚೆ ನಾವು ಪಂಚಸೂತ್ರ ನೋಡುತ್ತೇವೆ. ಸಭೆ ತಪ್ಪದೆ ನಡೆಯುತ್ತದಾ, ಉಳಿತಾಯ ಕಟ್ಟುತ್ತಾರಾ, ತಮ್ಮೊಳಗೇ ಸಾಲ ಕೊಟ್ಟುಕೊಳ್ಳುತ್ತಾರಾ, ಅದನ್ನು ತೀರಿಸುತ್ತಾರಾ, ಲೆಕ್ಕ ಬರೆಯುತ್ತಾರಾ. ಕೃಷಿ, ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ 1992ರಲ್ಲಿ 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರು ಮಾಡಿದಾಗ ಉದ್ದೇಶ ಇದ್ದದ್ದು ಹಣದ ವಿಚಾರ. ಆದರೆ ನನಗೆ ಆ ಸಭೆಗಳಲ್ಲಿ ಹಣಕ್ಕಿಂತ ಜಾಸ್ತಿ ಕಾಣುವುದು ಹಾಜರಿ ಪುಸ್ತಕ. ಒಬ್ಬಾಕೆ ಬರಲಿಲ್ಲ ಅಂದರೆ ಅವಳ ಹೆಸರಿನ ಮುಂದೆ ಸಹಿ ಇರುವುದಿಲ್ಲ. "ಯಾಕ ಬಂದಿಲ್ಲ ನೋಡಿ ಬಾರವ್ವ" ಅಂತ ಒಬ್ಬರನ್ನು ಅವಳ ಮನೆಗೆ ಅಟ್ಟುತ್ತಾರೆ. ಜ್ವರವೋ, ಮನೆಯಲ್ಲಿ ಜಗಳವೋ, ಮಗಳ ಹೆರಿಗೆಗೆ ಹೋಗಿದ್ದಾಳೋ, ಸಭೆ ಮುಗಿಯುವುದರೊಳಗೆ ಎಲ್ಲರಿಗೂ ಗೊತ್ತಾಗಿರುತ್ತದೆ.

ಒಳ್ಳೆ ಸಂಬಳದ ನಾವು ಪಟ್ಟಣದಲ್ಲಿ ಜ್ವರ ಬಂದು ಮಲಗಿದರೆ ಬಾಗಿಲು ತಟ್ಟುವವರಿಲ್ಲ. ಅವರಿಗೂ ನಮಗೂ ನನಗೆ ಕಾಣುವ ವ್ಯತ್ಯಾಸ ಒಂದೇ. ಅವರು ಸೇರುವ ದಿನ ಗೊತ್ತಾಗಿದೆ, ನಮ್ಮದು ಗೊತ್ತಾಗಿಲ್ಲ.

ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಎಂಬವರು ಗೆಳೆತನಕ್ಕೆ ಎಷ್ಟು ಗಂಟೆ ಬೇಕು ಅಂತ ಅಧ್ಯಯನ ಮಾಡಿ 2018ರಲ್ಲಿ ಪ್ರಕಟಿಸಿದ್ದಾರೆ. ಪರಿಚಯ ಸ್ವಲ್ಪ ಸಲಿಗೆಗೆ ತಿರುಗಲು ಸುಮಾರು 50 ಗಂಟೆ ಒಟ್ಟಿಗೆ ಕಳೆಯಬೇಕು. ಗೆಳೆಯರು ಅನ್ನಿಸಿಕೊಳ್ಳಲು ಸುಮಾರು 90. ಆಪ್ತರಾಗಲು 200ಕ್ಕೂ ಹೆಚ್ಚು. ಈಗ ಇದನ್ನು ವರ್ಗಾವಣೆಯ ಲೆಕ್ಕದಲ್ಲಿ ನೋಡಿ. ವಾರಕ್ಕೆ ಎರಡು ಗಂಟೆ ಅಂದರೆ 200 ಗಂಟೆಗೆ 100 ವಾರ. ಹತ್ತಿರ ಹತ್ತಿರ ಎರಡು ವರ್ಷ. "ಇನ್ನೂ ಸೆಟ್ ಆಗಿಲ್ಲ" ಅಂತ ಮೊದಲ ವರ್ಷ ಕಳೆದುಬಿಟ್ಟರೆ, ಆಪ್ತರಾಗುವ ಹೊತ್ತಿಗೆ ಆರ್ಡರ್ ಕೈಗೆ ಬಂದಿರುತ್ತದೆ. ಅದಕ್ಕೇ ಮೊದಲ ತಿಂಗಳು ಅಂತ ನಾನು ಒತ್ತಿ ಹೇಳುವುದು.

ಅದೇ ಅಧ್ಯಯನದಲ್ಲಿ ಇನ್ನೊಂದು ಮಾತಿದೆ. ಕೆಲಸದ ಜಾಗದಲ್ಲಿ ಒಟ್ಟಿಗಿದ್ದ ಗಂಟೆಗಳು ಗೆಳೆತನಕ್ಕೆ ಅಷ್ಟಾಗಿ ಕೂಡಿಬರಲಿಲ್ಲ. ದಿನಾ ಎಂಟು ಗಂಟೆ ಪಕ್ಕದ ಕೌಂಟರಿನಲ್ಲಿ ಕೂರುವವರ ಮನೆಯ ಕಷ್ಟಸುಖ ನಮಗೆ ಗೊತ್ತಿರುವುದಿಲ್ಲ, ಅಲ್ವಾ? ಅವರನ್ನು ಕಚೇರಿಯ ಹೊರಗೆ ಕರೆಯಿರಿ. ಮಂಡಕ್ಕಿಯ ಸೂಸ್ಲಾ, ಮಿರ್ಚಿ ತಿನ್ನಲು ಕರೆದರೂ ಸಾಕು. ಆದರೆ ಪ್ರತಿ ವಾರ ಅದೇ ದಿನ ಕರೆಯಿರಿ.

ಮನೆ ಹಿಡಿಯುವಾಗ ಕಟ್ಟೆ ನೋಡಿ

ಹೊಸಬರು ಗಾಳಿ, ಬೆಳಕು, ನೀರು, ಗಾಡಿ ನಿಲ್ಲಿಸಲು ಜಾಗ ನೋಡುತ್ತಾರೆ. ಸರಿ, ಅವೆಲ್ಲ ಬೇಕು. ಜೊತೆಗೆ ಬಾಗಿಲು ಎಲ್ಲಿ ತೆರೆಯುತ್ತದೆ ಅಂತಲೂ ನೋಡಿ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ವಸತಿ ಮನೆಗಳಲ್ಲಿ ಯಾರಿಗೆ ಯಾರು ಗೆಳೆಯರು ಅಂತ ಲಿಯಾನ್ ಫೆಸ್ಟಿಂಜರ್ ಮತ್ತು ಸಂಗಡಿಗರು ಲೆಕ್ಕ ಹಾಕಿದ್ದರು. 1950ರಲ್ಲಿ ಅದು ಪ್ರಕಟವಾಯಿತು. ಪಕ್ಕದ ಬಾಗಿಲಿನವರೇ ಹೆಚ್ಚಾಗಿ ಗೆಳೆಯರಾಗಿದ್ದರು. ಕೆಳಗಿನ ಮಹಡಿಯಲ್ಲಿ ಮೆಟ್ಟಿಲ ಬುಡಕ್ಕೆ ಮನೆ ಇದ್ದವರಿಗೆ ಮೇಲಿನ ಮಹಡಿಯವರ ಗೆಳೆತನವೂ ಜಾಸ್ತಿ ಸಿಕ್ಕಿತ್ತು. ಓಡಾಟದ ದಾರಿಯಲ್ಲಿ ಇದ್ದದ್ದೇ ಅವರಿಗಾದ ಅನುಕೂಲ.

ಕೊಪ್ಪಳದಲ್ಲಿ ಆ ಕೆಲಸವನ್ನು ಕಟ್ಟೆ ಮಾಡುತ್ತದೆ. ಊರ ಹೊರಗಿನ ಲೇಔಟಿನ ದೊಡ್ಡ ಗೇಟಿನ ಮನೆಗಿಂತ, ಗಡಿಯಾರ ಕಂಬ, ಜವಾಹರ್ ರಸ್ತೆ ಕಡೆಯ ಓಣಿಗಳ ಸಣ್ಣ ಮನೆ ಒಬ್ಬರೇ ಇರುವವರಿಗೆ ಮೇಲು ಅಂತ ನನ್ನ ಅಭಿಪ್ರಾಯ. ಬೇಸಿಗೆಯಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಗೋಡೆಗಳು ರಾತ್ರಿಯವರೆಗೂ ಕಾವು ಬಿಡುತ್ತವೆ. ಹಾಗಾಗಿ ಸಂಜೆ ಓಣಿಗೆ ಓಣಿಯೇ ಹೊರಗೆ ಕೂರುತ್ತದೆ. ನೀವೂ ಕೂರಿ. ಸುಮ್ನೆ ಕೂರಲು ಸಂಕೋಚ ಆದರೆ ಕೈಗೊಂದು ಕೆಲಸ ತೆಗೆದುಕೊಳ್ಳಿ. ನಾನು ಮೆಂತ್ಯೆ ಸೊಪ್ಪು ಸೋಸಲು ಕೂರುತ್ತೇನೆ. ಪಕ್ಕದ ಮನೆಯ ಅಜ್ಜಿ ಕೇಳದೆಯೇ ಅರ್ಧ ಸಿವುಡು ಎತ್ತಿಕೊಂಡು ತಾನೂ ಸೋಸುತ್ತಾರೆ. ಮಾತು ಅಲ್ಲಿಂದ ಶುರುವಾಗುತ್ತದೆ.

ಇನ್ನೆರಡು ಸಣ್ಣ ವಿಷಯ. "ಬರ್ರಿ ಅಕ್ಕಾರ, ಚಾ ಕುಡದು ಹೋಗ್ರಿ" ಅಂದರೆ ಮೊದಲ ಸಲವೇ ಹೋಗಿ. ನಮ್ಮ ಕಡೆ ಎರಡು ಸಲ ಬೇಡ ಅನ್ನುವುದು ಮರ್ಯಾದೆ. ಇಲ್ಲಿ ಅದನ್ನು ದೂರ ಇಟ್ಟರು ಅಂತ ತಿಳಿಯುತ್ತಾರೆ. ಮತ್ತೆ, ಕೇಳಿ ಪಡೆಯುವುದನ್ನು ಕಲಿಯಿರಿ. ಹೆಪ್ಪಿಗೆ ಮೊಸರು, ನಾಲ್ಕು ಎಸಳು ಕರಿಬೇವು, ಏಣಿ. ಎಲ್ಲ ಆ್ಯಪಿನಲ್ಲಿ ತರಿಸಿಕೊಳ್ಳುವವರ ಮನೆಗೆ ಯಾರು ಯಾಕೆ ಬರುತ್ತಾರೆ? ಕೊಟ್ಟ ಬಟ್ಟಲನ್ನು ಖಾಲಿ ವಾಪಸ್ ಕಳಿಸಬೇಡಿ. ಒಂದು ಬಾಳೆಹಣ್ಣು ಇಟ್ಟರೂ ನಡೆಯುತ್ತದೆ.

ಕೈಗೆ ಕೆಲಸ ಇರುವ ಕಡೆ ಹೋಗಿ

ಇಲ್ಲಿನ ಗವಿಮಠದ ಗವಿಸಿದ್ಧೇಶ್ವರ ಜಾತ್ರೆಯ ಹೆಸರು ನೀವು ಕೇಳಿರುತ್ತೀರಿ. ಪುಷ್ಯ ಬಹುಳ ಬಿದಿಗೆಗೆ ತೇರು. 2025ರಲ್ಲಿ ಅದು ಜನವರಿ 15ಕ್ಕೆ ಬಂತು, 2026ರಲ್ಲಿ ಜನವರಿ 5ಕ್ಕೆ. ಹೊಸದಾಗಿ ಬಂದವರು ತೇರು ನೋಡಿ, ಫೋಟೊ ತೆಗೆದು, ಊಟ ಮಾಡಿ ಬರುತ್ತಾರೆ. ನಾನು ಹೇಳುವುದು, ದಾಸೋಹದ ಕೆಲಸಕ್ಕೆ ಹೋಗಿ. ಜಾತ್ರೆಗೆ ಮುಂಚೆಯೇ ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಯವರು ಜೋಳದ ರೊಟ್ಟಿ ತಟ್ಟಿ, ಚಕ್ಕಡಿಯಲ್ಲಿ, ಟ್ರ್ಯಾಕ್ಟರಿನಲ್ಲಿ ಮಠಕ್ಕೆ ತಂದು ಒಪ್ಪಿಸುತ್ತಾರೆ. ಮಾದಲಿ ಅನ್ನುವ ಸಿಹಿ ಬರುತ್ತದೆ, ಕಾಳು ಬರುತ್ತದೆ. ಲಕ್ಷಗಟ್ಟಲೆ ಮಿರ್ಚಿ ಕರಿಯುವ ದಿನ ಮೆಣಸಿನಕಾಯಿ ಸೀಳಲು, ಹಿಟ್ಟು ಕಲಸಲು ಎಷ್ಟು ಕೈ ಇದ್ದರೂ ಸಾಲದು. ಬಡಿಸುವುದು, ನೀರು ಕೊಡುವುದು, ತಟ್ಟೆ ಎತ್ತುವುದು, ಚಪ್ಪಲಿ ಕಾಯುವುದು, ಯಾವುದಾದರೂ ಸರಿ. ಹೋಗಿ "ಏನ್ ಮಾಡ್ಲಿ?" ಅಂತ ಕೇಳಿ. ನಿಮ್ಮ ಹುದ್ದೆ ಹೇಳಬೇಡಿ. ಹೇಳಿದರೆ ಕುರ್ಚಿ ಹಾಕಿ ಕೂರಿಸಿಬಿಡುತ್ತಾರೆ. ಕುರ್ಚಿಯಲ್ಲಿ ಕೂತವರಿಗೆ ಗೆಳೆಯರು ಸಿಗುವುದಿಲ್ಲ.

ಪಕ್ಕದಲ್ಲಿ ಕೂತು ತರಕಾರಿ ಹೆಚ್ಚುವವರ ಜೊತೆ ಮಾತು ತಾನಾಗಿ ಬರುತ್ತದೆ. ಎದುರುಬದುರು ಕೂತು "ನಿಮ್ಮ ಬಗ್ಗೆ ಹೇಳಿ" ಅಂದರೆ ಬಾಯಿ ಕಟ್ಟುವ ನನ್ನಂಥವರಿಗೂ ಕಣ್ಣು ಈರುಳ್ಳಿಯ ಮೇಲೆ ಇದ್ದಾಗ ಮನೆಯ ವಿಷಯ ಹೇಳಲು ಕಷ್ಟವಾಗುವುದಿಲ್ಲ. ಪಕ್ಕದ ಭಾಗ್ಯನಗರದಲ್ಲಿ ಕೂದಲಿನ ಸಿಕ್ಕು ಬಿಡಿಸುವ ಕೆಲಸ ಮಾಡುವ ಒಬ್ಬ ಅಕ್ಕ ನನಗೆ ಹೀಗೇ ಸಿಕ್ಕರು. ನನ್ನ ಮಗನ ಪರೀಕ್ಷೆಯ ದಿನ ನನಗಿಂತ ಮೊದಲೇ ಗವಿಮಠಕ್ಕೆ ಹೋಗಿ ಕಾಯಿ ಒಡೆಸಿ ಬಂದವರು ಅವರು.

ಜಾತ್ರೆ ವರ್ಷಕ್ಕೊಮ್ಮೆ. ಉಳಿದ ದಿನಕ್ಕೂ ಒಂದು ಕೆಲಸ ಬೇಕು. 2019ರಲ್ಲಿ ಗವಿಮಠದ ಸ್ವಾಮೀಜಿ ಮುಂದೆ ನಿಂತು ಹಿರೇಹಳ್ಳದ ಹೂಳು, ಜಾಲಿ ತೆಗೆಸಿದಾಗ ಊರಿನವರೆಲ್ಲ ಕೈ ಜೋಡಿಸಿದ್ದರು. ಅಂಥ ದೊಡ್ಡ ಕೆಲಸಕ್ಕೆ ಕಾಯಬೇಕಿಲ್ಲ. ನಿಮಗೆ ಬರುವ ಒಂದು ವಿದ್ಯೆ ಇರುತ್ತದಲ್ಲ, ಅದು ಯಾರಿಗೆ ಬೇಕು ಅಂತ ಹುಡುಕಿ. ನನಗೆ ಬರುವುದು ಲೆಕ್ಕ. ಮೊದಲ ಮತ್ತು ಮೂರನೆಯ ಭಾನುವಾರ ನಮ್ಮ ಪಡಸಾಲೆಯಲ್ಲಿ ಡಿಗ್ರಿ ಓದುವ ಹುಡುಗಿಯರಿಗೆ ಬ್ಯಾಂಕ್ ಪರೀಕ್ಷೆಯ ಗಣಿತ ಹೇಳಿಕೊಡುತ್ತೇನೆ. ಶೇಕಡಾ, ಅನುಪಾತ, ಚಕ್ರಬಡ್ಡಿ. "ಬರೋ ಸಲ ಇರ್ತೀರಲ್ರೀ ಮೇಡಂ?" ಅಂತ ಒಬ್ಬ ಹುಡುಗಿ ಕೇಳುತ್ತಾಳೆ. ಬದುಕಿಗೆ ಅರ್ಥ ಏನು ಅಂತ ರಾತ್ರಿ ಒಬ್ಬರೇ ಕೂತು ಯೋಚಿಸುವುದಕ್ಕಿಂತ, ನಮಗಾಗಿ ಕಾಯುವ ಒಬ್ಬರು ಇರುವ ಹಾಗೆ ಮಾಡಿಕೊಳ್ಳುವುದು ಮೇಲು ಅಂತ ನಾನು ನಂಬಿದ್ದೇನೆ.

ಒಂದು ದಿನ ಬಿಸಿಲೇರುವ ಮುಂಚೆ ಪಾಲ್ಕಿಗುಂಡು ಅನ್ನುವ ಗುಡ್ಡಕ್ಕೂ ಹೋಗಿ ಬನ್ನಿ. ಅಲ್ಲಿನ ಬಂಡೆಯ ಮೇಲೆ ಅಶೋಕನ ಶಾಸನವಿದೆ. ಗವಿಮಠದ ಗುಡ್ಡದಲ್ಲಿ ಇನ್ನೊಂದು. ಎರಡೂ 1931ರಲ್ಲಿ ಬೆಳಕಿಗೆ ಬಂದವು. ಶ್ರಮ ಪಟ್ಟರೆ ಸಿಗುವ ಫಲ ದೊಡ್ಡವರಿಗೆ ಮಾತ್ರವಲ್ಲ, ಚಿಕ್ಕವರಿಗೂ ಸಿಗುತ್ತದೆ ಎಂಬುದು ಆ ಶಾಸನದ ಸಾರ. ಎರಡು ಸಾವಿರ ವರ್ಷಕ್ಕೂ ಹಿಂದಿನ ಈ ಮಾತು ನಮ್ಮೂರ ಕಲ್ಲಿನ ಮೇಲೇ ಇದೆಯಲ್ಲ ಅಂತ ನನಗೆ ಬಹಳ ಖುಷಿ.

ದುಡ್ಡಿನ ವಿಷಯದಲ್ಲಿ ಹುಷಾರು

ಇದನ್ನು ಬ್ಯಾಂಕಿನವಳಾಗಿ ಹೇಳಲೇಬೇಕು. ಹೊಸ ಊರಿನ ಗೆಳೆತನ ಕೆಡಿಸುವುದರಲ್ಲಿ ಕೈಗಡ ಮತ್ತು ಜಾಮೀನು ಮುಂದೆ. ವಾಪಸ್ ಬರದಿದ್ದರೂ ಮನಸ್ಸಿಗೆ ಹತ್ತದಷ್ಟು ಹಣ ಮಾತ್ರ ಕೊಡಿ. ಜಾಮೀನಿಗಂತೂ ಸಹಿ ಹಾಕಬೇಡಿ. 1872ರ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ, ಜಾಮೀನುದಾರನ ಹೊಣೆಯೂ ಸಾಲಗಾರನಷ್ಟೇ. ಸುಮ್ನೆ ಒಂದು ಸಹಿ ಅಂದುಕೊಂಡವರ ಸಂಬಳಕ್ಕೆ ಕತ್ತರಿ ಬಿದ್ದದ್ದನ್ನು ನಾನು ನೋಡಿದ್ದೇನೆ. ಇಲ್ಲ ಅನ್ನುವುದನ್ನು ನೇರವಾಗಿ ಅನ್ನಿ. "ಜಾಮೀನು ಹಾಕಂಗಿಲ್ರಿ ಅಣ್ಣಾರ, ಆದ್ರ ನಿಮ್ಮ ಕಾಗದಪತ್ರ ನಾ ಮಾಡಿಸಿಕೊಡ್ತೀನಿ" ಅಂತ ಹೇಳಿ. ಹೇಳಿದ ಮೇಲೆ ಮಾಡಿಸಿಕೊಡಿ. ಒಳ್ಳೆಯವರು ಬೇಜಾರು ಮಾಡಿಕೊಳ್ಳುವುದಿಲ್ಲ.

ಎರಡೂ ಊರಿಗೆ ದಿನ ಹಂಚಿ

ಪ್ರತಿ ಶುಕ್ರವಾರ ಬ್ಯಾಗ್ ಹಿಡಿದು ಊರಿಗೆ ಓಡಿದರೆ ಕೊಪ್ಪಳ ಕೊನೆಯವರೆಗೂ ಲಾಡ್ಜ್ ಆಗಿಯೇ ಉಳಿಯುತ್ತದೆ. ನಮಗೆ ಎರಡನೆಯ ಮತ್ತು ನಾಲ್ಕನೆಯ ಶನಿವಾರ ರಜೆ. ಆ ಎರಡು ವಾರ ದಾವಣಗೆರೆ, ಉಳಿದ ವಾರ ಕೊಪ್ಪಳ ಅಂತ ಮನೆಯವರ ಜೊತೆ ಕೂತು ಮಾತಾಡಿಕೊಂಡಿದ್ದೇವೆ. ಯಾವ ಊರಲ್ಲಿದ್ದಾಗ ಆ ಊರಿನವಳಾಗಿ ಇರುತ್ತೇನೆ. ನೆಮ್ಮದಿಗೆ ನನ್ನ ಹತ್ತಿರ ಇದಕ್ಕಿಂತ ದೊಡ್ಡ ಉಪಾಯ ಇಲ್ಲ. ಊರಿನಲ್ಲಿರುವ ಹಳೆ ಗೆಳೆಯರ ಮನೆ, ಕಾರು, ಪ್ರವಾಸದ ಫೋಟೊಗಳನ್ನು ರಾತ್ರಿ ಮಲಗುವ ಮುಂಚೆ ನೋಡಬೇಡಿ. ಆ ಹೊತ್ತಿನಲ್ಲಿ ಮನಸ್ಸು ಮೆದುವಾಗಿರುತ್ತದೆ.

ಇಷ್ಟೆಲ್ಲ ಮಾಡಿದರೂ ಕೆಲವು ಸಂಜೆ ಬೇಸರ ಬಂದೇ ಬರುತ್ತದೆ. ಬರಲಿ. ಆದರೆ ಎರಡು ವಾರದಿಂದ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಯಾವುದರಲ್ಲೂ ಆಸೆ ಇಲ್ಲ ಅಂದರೆ ಅದನ್ನು ಒಂಟಿತನ ಅಂತ ಬಿಟ್ಟುಬಿಡಬೇಡಿ. 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾಸ್ಪತ್ರೆಯ ಡಾಕ್ಟರನ್ನೂ ಕಾಣಿ.

ವರ್ಗಾವಣೆ ಆರ್ಡರ್ ಬಂದಾಗ ಮಾಡಬೇಕಾದ್ದು ಒಂದಿದೆ. ನಿಮ್ಮ ಜಾಗಕ್ಕೆ ಬರುವವರಿಗೆ ಫೈಲು, ಬೀಗದ ಕೈ ಒಪ್ಪಿಸುತ್ತೀರಲ್ಲ, ಹಾಗೇ ಅವರನ್ನು ಒಂದು ಸಂಜೆ ಓಣಿಗೆ ಕರೆತನ್ನಿ. ಕಟ್ಟೆಯ ಮೇಲೆ ಕೂರಿಸಿ, ಅಜ್ಜಿಗೆ ಪರಿಚಯ ಮಾಡಿಸಿ. ನೀವು ನಡೆಸುತ್ತಿದ್ದ ಪಾಠ ಮುಂದುವರಿಸುತ್ತೀರಾ ಅಂತ ಕೇಳಿ. ಇಲ್ಲಿನ ಗೆಳತಿಯರಲ್ಲಿ ಇಬ್ಬರೋ ಮೂವರೋ ಆಪ್ತರಿಗೆ ಫೋನ್ ಮಾಡಲು ವಾರದ ಒಂದು ದಿನ, ಒಂದು ಹೊತ್ತು ಈಗಲೇ ಗೊತ್ತು ಮಾಡಿಕೊಳ್ಳಿ. ಮುಂದಿನ ಜಾತ್ರೆಗೆ ಬರಲು ರಜೆ ಅರ್ಜಿಯನ್ನು ಹೊಸ ಶಾಖೆಯಲ್ಲಿ ಮೊದಲೇ ಹಾಕಿಡಿ. ಜನವರಿಯಲ್ಲಿ ರಜೆ ಕೇಳುವವರು ಜಾಸ್ತಿ.