ಡೆಮೊ ಖಾತೆಯಲ್ಲಿ ಎಂಟು ತಿಂಗಳು, ಪಕ್ಕದಲ್ಲೊಂದು ಲೆಕ್ಕದ ಪುಸ್ತಕ

ಶಿರಸಿ ಪೇಟೆಯಿಂದ ಸ್ವಲ್ಪ ಒಳಗೆ ನಮ್ಮ ಮನೆ. ಅಡಿಕೆ ತೋಟ, ಮರಕ್ಕೆ ಹಬ್ಬಿಸಿದ ಕಾಳುಮೆಣಸು. ಅಡಿಕೆ ದುಡ್ಡು ಬಂದಾಗ ಆಗಾಗ ಷೇರು ಕೊಳ್ಳುತ್ತಿದ್ದೆ. ಆಪ್ಷನ್ ಕಲಿಯಬೇಕು ಅನ್ನಿಸುವ ಹೊತ್ತಿಗೆ ಷೇರುಪೇಟೆಯ ನಿಯಂತ್ರಕ ಸೆಬಿಯ 2024ರ ವರದಿ ಓದಿದೆ. ಹಿಂದಿನ ಮೂರು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಎಂಬ ಮುಂದಿನ ದರದ ಒಪ್ಪಂದಗಳಿಗೆ ಇಳಿದ ಸಾಮಾನ್ಯ ಜನರಲ್ಲಿ 93% ಮಂದಿ ಹಣ ಕಳೆದುಕೊಂಡಿದ್ದರು. ಹಾಗಾಗಿ ಮೊದಲು ಉಚಿತ ಡೆಮೊ ಖಾತೆ ತೆರೆದೆ, ಅಂದರೆ ಸುಳ್ಳು ಹಣದಲ್ಲಿ ಕೊಡು-ಕೊಳ್ಳು ಮಾಡಿ ಕಲಿಯುವ ಖಾತೆ.

ಕಾಲ್ ಆಪ್ಷನ್ ಅಂದರೇನು ಅಂತ ಅಪ್ಪಯ್ಯನಿಗೆ ಹೇಳಿದಾಗ, "ಸಂಚಕಾರ ಕೊಟ್ಟಾಂಗೇ ಆತಲೋ ತಮಾ" ಅಂದರು. ಸರಿಯಾದ ಮಾತು. ಇಂಥ ದಿನ ಇಷ್ಟು ದರಕ್ಕೆ ಕೊಳ್ಳುತ್ತೇನೆ ಅಂತ ಸ್ವಲ್ಪ ಹಣ ಕೊಟ್ಟಿರುತ್ತೇವೆ. ದರ ಏರದಿದ್ದರೆ ಕೈಬಿಡಬಹುದು, ಕೊಟ್ಟ ಹಣ ಹೋಗುತ್ತದೆ. ಆ ಹಣವೇ ಪ್ರೀಮಿಯಂ.

ಡೆಮೊ ಖಾತೆ 10 ಲಕ್ಷ ಕೊಟ್ಟಿತು. ನನ್ನ ಹತ್ತಿರ ಇದಕ್ಕಾಗಿ ಇದ್ದದ್ದು 60,000. ಒಂದು ಪುಸ್ತಕ ತಂದು ಮೊದಲ ಪುಟದಲ್ಲಿ 60,000 ಅಂತಲೇ ಬರೆದೆ. ಆ್ಯಪ್ ಏನೇ ತೋರಿಸಲಿ, ಲೆಕ್ಕ ಇದರಲ್ಲೇ.

ಮೊದಲ ಪೆಟ್ಟು ಕಂಪನಿಯೊಂದರ ಫಲಿತಾಂಶದ ದಿನ ಬಿತ್ತು. ಷೇರು 1,400 ರೂಪಾಯಿಯಲ್ಲಿತ್ತು. 1,420ಕ್ಕೆ ಕೊಳ್ಳುವ ಕಾಲನ್ನು ಷೇರಿಗೆ 18 ರೂಪಾಯಿ ಪ್ರೀಮಿಯಂ ಕೊಟ್ಟು ಕೊಂಡೆ. ಲಾಟ್, ಅಂದರೆ ಒಟ್ಟಿಗೆ ಕೊಳ್ಳಲೇಬೇಕಾದ ಕಟ್ಟು, 500 ಷೇರಿನದು; ಹಾಗಾಗಿ 9,000 ರೂಪಾಯಿ. ಫಲಿತಾಂಶ ಚೆನ್ನಾಗಿಯೇ ಬಂತು, ಷೇರು 1,410ಕ್ಕೆ ಏರಿತು. ಆದರೆ ನನ್ನ ಕಾಲ್ 11ಕ್ಕೆ ಇಳಿಯಿತು! 3,500 ನಷ್ಟ. ಎರಡು ದಿನ ತಲೆ ಕೆಡಿಸಿಕೊಂಡೆ. ಫಲಿತಾಂಶಕ್ಕೆ ಮೊದಲು ಏನಾಗುತ್ತದೋ ಅನ್ನುವ ಕಾತರಕ್ಕೂ ಬೆಲೆ ಇರುತ್ತದೆ, ಅದು ಪ್ರೀಮಿಯಂ ಒಳಗೆ ಸೇರಿರುತ್ತದೆ. ಸುದ್ದಿ ಬಂದ ಕೂಡಲೇ ಆ ಭಾಗ ಕರಗಿಹೋಗುತ್ತದೆ. ಇದನ್ನು ಎಷ್ಟು ಓದಿದ್ದರೂ ಕಣ್ಣಾರೆ ಕಂಡಾಗಲೇ ಅರ್ಥವಾಯಿತು. ಡೆಮೊದಿಂದ ನನಗಾದ ದೊಡ್ಡ ಉಪಕಾರ ಇದೇ.

ಆದರೆ ಡೆಮೊ ಎಲ್ಲವನ್ನೂ ತೋರಿಸುವುದಿಲ್ಲ. ನನ್ನ ಆ್ಯಪ್ ಕೊನೆಯದಾಗಿ ವ್ಯವಹಾರವಾದ ಬೆಲೆಗೇ ಕೊಡು-ಕೊಳ್ಳು ಮಾಡಿಸುತ್ತಿತ್ತು. ಷೇರು ಆಪ್ಷನ್‌ಗಳಲ್ಲಿ, ಅದರಲ್ಲೂ ಸ್ಟ್ರೈಕ್ (ಒಪ್ಪಿದ ದರ) ಈಗಿನ ದರದಿಂದ ದೂರ ಇರುವವುಗಳಲ್ಲಿ, ಕೊಳ್ಳುವವರು ಕಡಿಮೆ. ಒಮ್ಮೆ ಆ್ಯಪ್ 6 ರೂಪಾಯಿ ತೋರಿಸುತ್ತಿತ್ತು. ಮಾರುವವರು ಕೇಳುತ್ತಿದ್ದದ್ದು 6.40, ಕೊಳ್ಳುವವರು ಕೊಡುತ್ತಿದ್ದದ್ದು 5.20. ಬೆಲೆ ಒಂದಿಷ್ಟೂ ಅಲುಗದೆ ಲಾಟ್‌ಗೆ 600 ರೂಪಾಯಿ ಹೋದ ಹಾಗೆ, ಅಲ್ವಾ? ಅಂದಿನಿಂದ ಕೊಳ್ಳುವಾಗ ಮೇಲಿನ ಬೆಲೆ, ಮಾರುವಾಗ ಕೆಳಗಿನ ಬೆಲೆ ಬರೆದೆ. ಬ್ರೋಕರೇಜ್, ಎಸ್‌ಟಿಟಿ ಎಂಬ ವಹಿವಾಟು ತೆರಿಗೆ, ಜಿಎಸ್‌ಟಿ ಎಲ್ಲ ಕಳೆದೆ.

ಇನ್ನೊಂದು ಇದಕ್ಕಿಂತ ಮುಖ್ಯ. ಒಂದು ತಿಂಗಳ ಕೊನೆಗೆ ಷೇರು 1,431ಕ್ಕೆ ನಿಂತಾಗ ಆ್ಯಪ್ ನನ್ನ 1,420ರ ಕಾಲ್‌ಗೆ 5,500 ರೂಪಾಯಿ ಜಮಾ ಮಾಡಿತು. ನಿಜದ ಮಾರುಕಟ್ಟೆಯಲ್ಲಿ ಹೀಗಾಗುವುದಿಲ್ಲ. 2019ರ ಅಕ್ಟೋಬರ್‌ನಿಂದ, ಕೊನೆಯ ದಿನ ಬೆಲೆ ಉಳಿದಿರುವ ಷೇರು ಆಪ್ಷನ್‌ಗಳೆಲ್ಲ ಷೇರು ಕೊಟ್ಟು ತೆಗೆದುಕೊಂಡೇ ಮುಗಿಯಬೇಕು. ನಾನು ಕೊನೆಯ ದಿನದವರೆಗೆ ಇಟ್ಟುಕೊಂಡಿದ್ದರೆ 500 ಷೇರಿಗೆ 7,10,000 ರೂಪಾಯಿ ಹೊಂದಿಸಬೇಕಿತ್ತು. ಅದೂ 60,000 ಇಟ್ಟುಕೊಂಡವನು! ಈಗ ಅವಧಿ ಮುಗಿಯುವ ವಾರ ಶುರುವಾಗುವ ಮೊದಲೇ ಹೊರಬರುತ್ತೇನೆ.

ಜುಲೈನಲ್ಲಿ ಡೆಮೊದಲ್ಲೇ ಒಂದು ಕಾಲ್ ಮಾರಿದ್ದೆ, ಅಂದರೆ ಸಂಚಕಾರ ತೆಗೆದುಕೊಳ್ಳುವವನ ಜಾಗದಲ್ಲಿದ್ದೆ. ಗಾಳಿಮಳೆಗೆ ಕರೆಂಟ್ ಹೋಯಿತು, ಹಿಂದೆಯೇ ನೆಟ್‌ವರ್ಕೂ ಹೋಯಿತು. ನಷ್ಟ ಇಷ್ಟಾದರೆ ತಾನಾಗಿಯೇ ಹೊರಬರಿಸುವ ಸ್ಟಾಪ್‌ಲಾಸ್ ಹಾಕಿರಲಿಲ್ಲ. ಮಧ್ಯಾಹ್ನ ಮೂರೂವರೆಗೆ ಮಾರುಕಟ್ಟೆ ಮುಚ್ಚಿದ ಮೇಲೆ ಮೊಬೈಲ್‌ಗೆ ಸಿಗ್ನಲ್ ಬಂತು. ನೋಡಿದರೆ 8,000 ನಷ್ಟ. ಕೊಂಡವನ ನಷ್ಟಕ್ಕೆ ಪ್ರೀಮಿಯಂ ಎಂಬ ಮಿತಿ ಇದೆ, ಮಾರಿದವನಿಗೆ ಅದಿಲ್ಲ. ನಮ್ಮ ಕಡೆಯ ಮಳೆಗಾಲದಲ್ಲಿ ಆಪ್ಷನ್ ಮಾರುವುದು ಬೇಡವೇ ಬೇಡ ಅಂತ ದೊಡ್ಡ ಅಕ್ಷರದಲ್ಲಿ ಬರೆದುಕೊಂಡೆ.

ಖಾತೆ ಆರಿಸುವಾಗ ಒಂದು ನೋಡಿ. ಪ್ರವೇಶಕ್ಕೆ ಹಣ ಕೇಳುವ, ಗೆದ್ದವರಿಗೆ ಬಹುಮಾನ ಕೊಡುವ ಆ್ಯಪ್‌ಗಳ ಹತ್ತಿರ ಹೋಗಬೇಡಿ. ಇಂಥವುಗಳ ಬಗ್ಗೆ ಸೆಬಿ 2024ರ ನವೆಂಬರ್‌ನಲ್ಲಿ ಎಚ್ಚರಿಸಿದೆ.

ಎಂಟು ತಿಂಗಳಾದ ಮೇಲೆ ಆ್ಯಪ್ 38,400 ಲಾಭ ತೋರಿಸಿತು. ನನ್ನ ಪುಸ್ತಕದಲ್ಲಿ 4,150 ನಷ್ಟ. ಪುಸ್ತಕದ ಲೆಕ್ಕ ಸತತ ಮೂರು ತಿಂಗಳು ಲಾಭದಲ್ಲಿದ್ದರೆ ಮಾತ್ರ ನಿಜದ ಒಂದು ಲಾಟ್ ಕೊಳ್ಳುವುದು ಅಂತ ತೀರ್ಮಾನಿಸಿದ್ದೇನೆ. ಸದ್ಯಕ್ಕೆ ಒಂದು ತಿಂಗಳು ಮುಗಿದಿದೆ.